ಹಲಸಿಗೂ ಜಾಕನಿಗೂ ಏನು ಸಂಬಂಧ?

ಪ್ರಶ್ನೆ: ಗುಜ್ಜೆ (ಎಳೆ ಹಲಸು) ಕೊಯ್ಯುತ್ತಿದ್ದಾಗ ಆರನೇ ಕ್ಲಾಸಿನ ಮಗಳು ‘ಅಪ್ಪಾ, ಜಾಕ್‌ಫ್ರೂಟ್ ಅಂತಾರಲ್ಲ, ಈ ಜಾಕ್ ಯಾರು?’ ಅಂತ ಕೇಳಿದಳು. ವಿಲಿಯಂ ಜಾಕ್ ಎಂಬ ಸಸ್ಯವಿಜ್ಞಾನಿಯ ಹೆಸರು ಅಂತ ಎಲ್ಲೋ ಓದಿದ ನೆನಪು. ಹೌದಾ?
– ಓದುಗ, ಬದಿಯಡ್ಕ

ಉತ್ತರ: ಅಲ್ಲವೇ ಅಲ್ಲ. ವಿಲಿಯಂ ಜಾಕ್ ಇದ್ದದ್ದು ನಿಜ. ಸ್ಕಾಟ್ಲೆಂಡಿನವರು, ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದವರು. ಆದರೆ ಅವರು ಹುಟ್ಟಿದ್ದು 1795ರಲ್ಲಿ, ಹಣ್ಣಿನ ಹೆಸರು ಅದಕ್ಕಿಂತ 200 ವರ್ಷಕ್ಕೂ ಜಾಸ್ತಿ ಹಳೆಯದು.

ಕಾಸರಗೋಡಿನವರಾದ ನಿಮ್ಮ ಕಿವಿಗೆ ಉತ್ತರ ದಿನಾ ಬೀಳುತ್ತಲೇ ಇದೆ. ಪಕ್ಕದ ಮಲಯಾಳಿ ಮನೆಯವರು ಹಲಸಿಗೆ ಏನನ್ನುತ್ತಾರೆ? ಚಕ್ಕ. ಅದೇ! 1498ರಲ್ಲಿ ಪೋರ್ಚುಗೀಸರು ಕೋಯಿಕ್ಕೋಡಿನ ಹತ್ತಿರ ಬಂದಿಳಿದರಲ್ಲ, ಕರಿಮೆಣಸಿಗಾಗಿ ಬಂದ ಅವರ ಬಾಯಲ್ಲಿ ಚಕ್ಕ ‘ಜಾಕಾ’ ಆಯಿತು. ಗೋವಾದಲ್ಲಿದ್ದ ವೈದ್ಯ ಗಾರ್ಸಿಯಾ ದ ಒರ್ಟಾ 1563ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಆಗಲೇ ಜಾಕಾ ಇದೆ. ಬೇಳೆ (ಹಲಸಿನ ಬೀಜ) ಸುಟ್ಟರೆ ಚೆಸ್ಟ್‌ನಟ್ ಇದ್ದ ಹಾಗೆ, ಸೊಳೆ (ತೊಳೆ) ಮಾತ್ರ ಒಳ್ಳೆಯ ಕರ್ಬೂಜದಷ್ಟು ರುಚಿಯಿಲ್ಲ, ಅರಗುವುದೂ ಕಷ್ಟ ಅಂತೆಲ್ಲ ಅದರಲ್ಲಿ ಮಾತುಕತೆ ನಡೆಯುತ್ತದೆ. (ಪುಣ್ಯಾತ್ಮರಿಗೆ ಸಿಕ್ಕಿದ್ದು ಮೆತ್ತನೆ ಸೊಳೆಯ ತುಳುವ ಹಲಸು ಇರಬೇಕು. ಗಟ್ಟಿ ಸೊಳೆಯ ಒಳ್ಳೆ ಬಕ್ಕೆ ತಿಂದವರು ಹೀಗೆ ಬರೆಯುತ್ತಾರಾ?)

ಇಂಗ್ಲಿಷರು ಈ ಜಾಕಾದ ಬಾಲ ಕತ್ತರಿಸಿದರು. ಜಾಕ್ ಅವರಲ್ಲಿ ನಮ್ಮ ರಾಮ, ಕಿಟ್ಟನ ಹಾಗೆ ಮನೆಮನೆಯ ಹೆಸರು, ಕಾರು ಎತ್ತುವ ಜಾಕ್ ಕೂಡ ಅದೇ ಹೆಸರಿಂದ ಬಂದದ್ದು. ಹಾಗಾಗಿ ಪರದೇಶದ ಪದ ಸಲೀಸಾಗಿ ಅಲ್ಲಿ ಕೂತುಬಿಟ್ಟಿತು. ಭಾರತದ ಇಂಗ್ಲಿಷರ ಮಾತಿಗೆ ಸೇರಿದ ಪದಗಳ ನಿಘಂಟು, 1886ರ ಹಾಬ್ಸನ್-ಜಾಬ್ಸನ್‌ನಲ್ಲೂ ಹಣ್ಣಿನ ಹೆಸರು ಬರೀ ‘ಜಾಕ್’. ಬರೀ ಜಾಕ್ ಅಂದರೆ ಆಳೋ ಹಣ್ಣೋ ತಿಳಿಯಬೇಡವಾ, ಅದಕ್ಕೇ ಫ್ರೂಟ್ ಅಂಟಿಕೊಂಡಿತು ಅಂತ ನನ್ನ ಊಹೆ.

ತಮಾಷೆ ಏನೆಂದರೆ, ಮಲಯಾಳದಲ್ಲಿ ಚಕ್ಕ ಅಂದರೇನೇ ಹಣ್ಣು, ಮರಕ್ಕೆ ಬೇರೆ ಹೆಸರು, ಪ್ಲಾವು. ಅಂದ ಮೇಲೆ ಜಾಕ್‌ಫ್ರೂಟ್ ಅಂದರೆ ‘ಹಲಸಿನಹಣ್ಣು ಹಣ್ಣು’ ಅಂದ ಹಾಗಾಯಿತು, ಅಲ್ವಾ? ಪ್ಲಾವು ನಮಗೂ ನೆಂಟನೇ. ತಮಿಳಿನ ಪಲಾ, ತುಳುವಿನ ಪೆಲ, ನಮ್ಮ ಹಲಸು ಎಲ್ಲ ಒಂದೇ ಬೇರಿನವು. ಹಳಗನ್ನಡದ ಪಾಲು ಹಾಲಾದ ಹಾಗೆ ಪಲಸು ಹಲಸಾಯಿತು, ಅಷ್ಟೆ.

ಮಗಳು ಮುಂದೆ ಜಾಕಾಲ್ (ನರಿ) ಅಂದರೆ ಯಾವ ಜಾಕ್ ಅಂತ ಕೇಳಿದರೆ, ಅಲ್ಲೂ ಜಾಕ್ ಇಲ್ಲ ಅನ್ನಿ. ಅದು ಪರ್ಶಿಯನ್ನಿನ ಶಗಾಲ್, ತುರ್ಕಿ ದಾಟಿ ಬಂದದ್ದು, ಸಂಸ್ಕೃತದ ಶೃಗಾಲಕ್ಕೆ ಬಂಧು.