ಮೂರೇ ಕಂತಿಗೆ ಆರಿಸಿಬಿಟ್ಟಿರಾ, ಮೇಷ್ಟ್ರೇ?

ಶಿರಾದಿಂದ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಬರೆದಿದ್ದಾರೆ: “ಹೋದ ಸಂಚಿಕೆಯಲ್ಲಿ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯಿಂದ ಬದುಕಿಗೆ ಪಾಠ ಸಿಗುತ್ತದೆ ಎಂಬ ಲೇಖನ ಹಾಕಿದ್ದೀರಿ. ಮೊಮ್ಮಗನ ಮೊಬೈಲಿನಲ್ಲಿ ಮೂರು ಕಂತು ನೋಡಿ ಆರಿಸಿದೆ. ಕೆಮಿಸ್ಟ್ರಿ ಮೇಷ್ಟ್ರೊಬ್ಬ ಡ್ರಗ್ಸ್ ತಯಾರಿಸುವುದರಲ್ಲಿ ಯಾವ ಪಾಠ? ಮೂವತ್ತು ವರ್ಷ ಅದೇ ಪಾಠ ಮಾಡಿದವನಿಗೆ ನೋವಾಯಿತು. ಕನ್ನಡದ ಪತ್ರಿಕೆಗೆ ಇದು ಬೇಕಿತ್ತೇ?”

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ನೋವು ಅರ್ಥವಾಗುತ್ತದೆ. ಆ ಧಾರಾವಾಹಿಯಲ್ಲಿ ರಕ್ತವಿದೆ, ಬೈಗುಳವಿದೆ, ಎಳೆಯರ ಕೈಗೆ ಕೊಡುವಂಥದ್ದಲ್ಲ. ಅಷ್ಟನ್ನು ಒಪ್ಪಿದೆ. ಆದರೆ ಅದು 2008ರಿಂದ 2013ರವರೆಗೆ ಅಮೆರಿಕದಲ್ಲಿ ಪ್ರಸಾರವಾದ 62 ಕಂತುಗಳ ಕಥೆ. ಉತ್ತರಪತ್ರಿಕೆಯ ಮೊದಲ ಪುಟ ನೋಡಿ ಸೊನ್ನೆ ಸುತ್ತುವ ಮೇಷ್ಟ್ರು ನೀವಲ್ಲ ಎಂದು ನಿಮ್ಮ ಅಕ್ಷರವೇ ಹೇಳುತ್ತದೆ.

ನನ್ನ ಮಟ್ಟಿಗೆ ಇಡೀ ಕಥೆಯ ಬೇರು ಐದನೇ ಕಂತಿನಲ್ಲಿದೆ. ಆ ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್‌ಗೆ ಐವತ್ತು. ಸಂಬಳ ಸಾಲದೆ, ಶಾಲೆ ಬಿಟ್ಟ ಮೇಲೆ ಕಾರು ತೊಳೆಯುವ ಕಡೆ ದುಡಿಯುತ್ತಾನೆ. ತನ್ನ ವಿದ್ಯಾರ್ಥಿಯ ಕಾರಿನ ಚಕ್ರವನ್ನೇ ಮಂಡಿಯೂರಿ ಉಜ್ಜುತ್ತಾನೆ. ಶ್ವಾಸಕೋಶದ ಕ್ಯಾನ್ಸರ್ ಬೇರೆ. ಇಷ್ಟನ್ನು ನೀವೂ ನೋಡಿದ್ದೀರಿ. ಐದನೇ ಕಂತಿನಲ್ಲಿ, ಈಗ ದೊಡ್ಡ ಕಂಪನಿ ಕಟ್ಟಿರುವ ಹಳೆಯ ಗೆಳೆಯ ಕೆಲಸ ಕೊಡಲು ಮುಂದಾಗುತ್ತಾನೆ. ಅವನೂ ಅವನ ಹೆಂಡತಿಯೂ ಚಿಕಿತ್ಸೆಯ ಖರ್ಚನ್ನೂ ಹೊರುತ್ತೇವೆ ಎನ್ನುತ್ತಾರೆ. ವಾಲ್ಟರ್ ಬೇಡ ಅನ್ನುತ್ತಾನೆ. ಆಮೇಲೆ ತನ್ನ ಹೆಂಡತಿಗೆ, ಆ ಗೆಳೆಯರೇ ದುಡ್ಡು ಕೊಡುತ್ತಿದ್ದಾರೆ ಎಂದು ಸುಳ್ಳು ಹೇಳಿಕೊಂಡು ಡ್ರಗ್ಸ್ ಕಾಯಿಸುತ್ತಾನೆ. ಎಲ್ಲ ಸಂಸಾರಕ್ಕಾಗಿ ಅನ್ನುತ್ತಲೇ ಐದು ಸೀಸನ್ ಕಳೆದು, ಕೊನೆಯ ಕಂತಿನಲ್ಲಿ ಹೆಂಡತಿಯೆದುರು ನಿಂತು ಒಪ್ಪಿಕೊಳ್ಳುತ್ತಾನೆ: ಮಾಡಿದ್ದು ತನಗಾಗಿ.

ನಮ್ಮ ಹಟ್ಟಿಗಳಲ್ಲಿ, ಬಡಾವಣೆಗಳಲ್ಲಿ ಈ ಮನುಷ್ಯ ಇಲ್ಲವೇ? “ಅವನ ಮುಂದೆ ಕೈ ಚಾಚೋದಾ?” ಎಂಬ ಮಾತು ಕೇಳದ ಮನೆ ಯಾವುದಿದೆ? ಒಡಹುಟ್ಟಿದವನ ಹತ್ತಿರ ಕೇಳಿದರೆ ಮರ್ಯಾದೆ ಹೋಗುತ್ತದೆ, ಮೀಟರ್ ಬಡ್ಡಿಯವನ ಹತ್ತಿರ ಕೇಳಿದರೆ ಹೋಗುವುದಿಲ್ಲ!

ನಾನು ವರದಿಗಾರನಾಗಿದ್ದಾಗ ತುಮಕೂರಿನ ಕೋರ್ಟಿನ ಆವರಣದಲ್ಲಿ ಒಬ್ಬರನ್ನು ಕಂಡೆ. ಬೀದಿಯ ಹೆಂಗಸರಿಗೆಲ್ಲ ಚೀಟಿ ನಡೆಸುತ್ತಿದ್ದವರು, ದುಡ್ಡು ಕಟ್ಟಿಕೊಡಲಾಗದೆ ಸಿಕ್ಕಿಬಿದ್ದಿದ್ದರು. ಲೆಕ್ಕದ ಪುಸ್ತಕ ಕಂಕುಳಲ್ಲೇ ಇತ್ತು. ಕೇಳಿದ್ದಕ್ಕೆ ತೆಗೆದು ತೋರಿಸಿದರು. ಅಚ್ಚುಕಟ್ಟಾದ ನೀಲಿ ಅಕ್ಷರ, ಪ್ರತಿ ಕಂತಿನ ಎದುರು ಸಹಿ. ಒಂದು ಪುಟದ ಅಂಚಿನಲ್ಲಿ ಮಾತ್ರ ಪೆನ್ಸಿಲ್ಲಿನಲ್ಲಿ ‘ಮಗಳ ಫೀಸು, 4,000’ ಎಂದಿತ್ತು. ಇದ್ಯಾಕೆ ಪೆನ್ಸಿಲ್ ಅಂದೆ. “ಹದಿನೈದು ದಿನಕ್ಕೆ ವಾಪಸ್ ಹಾಕಿ ಅಳಿಸೋಣ ಅಂತ ಸಾರ್,” ಅಂದರು. ಮುಂದಿನ ಪುಟಗಳಲ್ಲಿ ನೀಲಿ ಕಡಿಮೆಯಾಗುತ್ತ, ಪೆನ್ಸಿಲ್ ಜಾಸ್ತಿಯಾಗುತ್ತ ಹೋಗಿ, ಕೊನೆಗೆ ಏನೂ ಬರೆದಿರಲಿಲ್ಲ. ಬೆಂಗಳೂರಿನಲ್ಲಿ ಒಳ್ಳೇ ಕೆಲಸದಲ್ಲಿದ್ದ ಅಣ್ಣ ಇದ್ದರಂತೆ. ಕೇಳಲು ಮನಸ್ಸು ಬರಲಿಲ್ಲವಂತೆ.

ಮಾರನೆಯ ದಿನ ಪೇಪರಿನಲ್ಲಿ ನನ್ನ ಸುದ್ದಿ ನಾಲ್ಕು ಸಾಲು ಬಂತು: ಚೀಟಿ ವಂಚನೆ, ಆರೋಪಿ ಸೆರೆ. ಪೆನ್ಸಿಲ್ಲಿಗೆ ಜಾಗವಿರಲಿಲ್ಲ. ವಾಲ್ಟರ್ ವೈಟ್‌ನ ಮೊದಲ ಸುಳ್ಳು ನೋಡಿದಾಗ ನನಗೆ ಮೊದಲು ನೆನಪಾದದ್ದು ಆ ಪುಟದ ಅಂಚು.

ಕೆಟ್ಟವನ ಕಥೆಯಲ್ಲಿ ಕಲಿಯುವುದೇನಿದೆ ಎಂದು ಕೇಳುತ್ತೀರಿ. ನಮ್ಮ ಜಿಲ್ಲೆಯವರೇ ಈ ಮಾತು ಆಡಬಹುದೇ? ಗುಬ್ಬಿ ವೀರಣ್ಣನವರ ನೆಲ ಇದು. ಇವತ್ತಿಗೂ ಹಬ್ಬ ಜಾತ್ರೆ ಬಂದರೆ ಊರೂರಲ್ಲಿ ‘ಕುರುಕ್ಷೇತ್ರ’ ನಾಟಕ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡಿ, ಒಬ್ಬೊಬ್ಬರೂ ತಮ್ಮ ಪಾತ್ರಕ್ಕೆ ತಾವೇ ಕೈಯಿಂದ ದುಡ್ಡು ಹಾಕುತ್ತಾರೆ. ಎಲ್ಲರಿಗಿಂತ ಹೆಚ್ಚು ಕಟ್ಟಿ ಹಿಡಿಯುವ ಪಾತ್ರ ದುರ್ಯೋಧನನದು, ಧರ್ಮರಾಯನದಲ್ಲ. ಸಂಧಾನದಲ್ಲಿ ಐದು ಊರನ್ನೂ ಕೊಡೆನೆಂದು ಗದೆ ಊರಿ ನಿಂತ ಕೂಡಲೇ ನೆಂಟರಿಷ್ಟರು ರಂಗಕ್ಕೆ ಹತ್ತಿ ನೋಟಿನ ಹಾರ ಹಾಕುತ್ತಾರೆ. ಬೆಳಗಿನ ಜಾವ ತೊಡೆ ಮುರಿದು ಬಿದ್ದಾಗ ಅದೇ ಜನ ಕಂಬಳಿ ಹೊದ್ದು ಸದ್ದಿಲ್ಲದೆ ಕೂತಿರುತ್ತಾರೆ. ಅಣ್ಣತಮ್ಮಂದಿರ ಪಾಲಿನ ಜಗಳಕ್ಕೆ ಕೋರ್ಟಿಗೆ ಅಲೆಯುವವರು ಆ ಕಂಬಳಿಗಳೊಳಗೆ ಎಷ್ಟು ಮಂದಿ ಇದ್ದಾರೋ! ಪಂಪ 941ರಲ್ಲಿ ಕಾವ್ಯ ಬರೆದದ್ದು ಅರ್ಜುನನನ್ನು ಹೊಗಳಲು. ಆದರೂ ಮಹಾಭಾರತದ ಹಿರಿಯರನ್ನು ಎಣಿಸುವ ಪದ್ಯವನ್ನು ಶುರುಮಾಡಿದ್ದು ‘ಚಲದೊಳ್ ದುರ್ಯೋಧನಂ’ ಎಂದು. ಅವನನ್ನು ಎತ್ತರಕ್ಕೇರಿಸಿದ ಛಲವೇ ಅವನನ್ನು ಮುಗಿಸಿತು. ಅದನ್ನು ನಿದ್ದೆಗೆಟ್ಟು ನೋಡುವ ನಾವು, ಅದೇ ಛಲ ಅಮೆರಿಕದ ಮೇಷ್ಟ್ರೊಬ್ಬನಲ್ಲಿ ಕಂಡರೆ ಮುಖ ತಿರುಗಿಸುವುದೇಕೆ?

ನನ್ನ ಸಿಟ್ಟಿರುವುದು ನಮ್ಮ ಸಂಜೆಯ ಧಾರಾವಾಹಿಗಳ ಮೇಲೆ. ಅಲ್ಲಿ ಕೆಟ್ಟ ಅತ್ತೆ ಹುಟ್ಟಾ ಕೆಟ್ಟವಳು. ಹಾಲಿಗೆ ವಿಷ ಬೆರೆಸುತ್ತಾಳೆ, ಹುಬ್ಬು ಹಾರಿಸುತ್ತಾಳೆ, ಮೂರು ಸಲ ಮಿಂಚು ಹೊಡೆಯುತ್ತದೆ. ನಾವು ಅವಳಲ್ಲ ಎಂಬ ನೆಮ್ಮದಿಯಲ್ಲಿ ಊಟಕ್ಕೆ ಏಳುತ್ತೇವೆ. ಅವಳು ಯಾವತ್ತು, ಯಾವ ಪುಟ್ಟ ಕಾರಣಕ್ಕೆ ಮೊದಲ ಸುಳ್ಳು ಹೇಳಿದಳು ಎಂದು ಯಾರೂ ತೋರಿಸುವುದಿಲ್ಲ. ಪತ್ರಿಕೆಗಳೂ ಅಷ್ಟೇ: ಆರೋಪಿ ಸೆರೆ, ಮಾಲು ವಶ, ಮುಖಕ್ಕೆ ಬಟ್ಟೆ ಕಟ್ಟಿದ ಫೋಟೊ. ನಾವು ಮಕ್ಕಳಿಗೆ ಕಳ್ಳನನ್ನು ತೋರಿಸುತ್ತೇವೆಯೇ ಹೊರತು, ಕಳ್ಳನಾಗುವುದಕ್ಕೆ ಹಿಂದಿನ ಸಂಜೆಯನ್ನು ತೋರಿಸುವುದಿಲ್ಲ.

ಮೊಮ್ಮಗನ ವಯಸ್ಸು ನೀವು ಬರೆದಿಲ್ಲ. ಪಿಯುಸಿ ದಾಟಿದ್ದರೆ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು, ಐದನೇ ಕಂತು ಎರಡೂ ನೋಡಿ. ಆಮೇಲೂ ಬೈಯಬೇಕೆನಿಸಿದರೆ ದಂಡಿಯಾಗಿ ಬೈದು ಬರೆಯಿರಿ. ಒಂದಕ್ಷರ ಕತ್ತರಿಸದೆ ಹಾಕುತ್ತೇನೆ.