ನ್ಯಾಚೆಜ್‌ನಲ್ಲಿ ಒಂದೇ ದಿನ ಇದ್ದರೆ ಯಾವ ಬಂಗಲೆ ನೋಡಬೇಕು?

ನ್ಯೂ ಆರ್ಲಿಯನ್ಸ್‌ಗೆ ಹೋಗುವ ದಾರಿಯಲ್ಲಿ ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್‌ನಲ್ಲಿ ಒಂದು ದಿನ ಇರುತ್ತೇವೆ, ಜೊತೆಗೆ ಅಪ್ಪ ಅಮ್ಮ ಇದ್ದಾರೆ, ಯಾವ ಹಳೇ ಬಂಗಲೆ ನೋಡೋಣ ಅಂತ ಕೇಳಿದ್ದೀರಿ. ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ದುರಾಸೆಗೆ ಬಿದ್ದು ಒಂದೇ ದಿನ ಐದು ಮನೆ ಸುತ್ತಿದೆ. ಸಂಜೆಗೆ ಯಾವ ಕಂಬ ಯಾವ ಮನೆಯದು ಅನ್ನೋದೇ ಮರೆತುಹೋಗಿತ್ತು. ಎರಡು ಸಾಕು: ಲಾಂಗ್‌ವುಡ್ ಮತ್ತು ಮೆಲ್ರೋಸ್.

ಆದರೆ ಅವಕ್ಕೂ ಮುಂಚೆ, ಬೆಳಿಗ್ಗೆ ಎದ್ದವರೇ ಫೋರ್ಕ್ಸ್ ಆಫ್ ದ ರೋಡ್‌ಗೆ ಹೋಗಿ. ರಸ್ತೆ ಕೂಡುವಲ್ಲಿ ಒಂದು ತುಂಡು ಹುಲ್ಲುನೆಲ, ಕೆಲವು ಫಲಕ, ಸಿಮೆಂಟಿನಲ್ಲಿ ಹೂತಿಟ್ಟ ಕೋಳ ಸರಪಳಿ, ಅಷ್ಟೇ. ನ್ಯೂ ಆರ್ಲಿಯನ್ಸ್ ಬಿಟ್ಟರೆ ಆ ಸೀಮೆಯ ಅತಿ ದೊಡ್ಡ ಗುಲಾಮರ ಸಂತೆ ನಡೆಯುತ್ತಿದ್ದದ್ದು ಅಲ್ಲೇ. ವರ್ಜೀನಿಯಾದಿಂದ ಜನರನ್ನು ಸರಪಳಿ ಬಿಗಿದು ನಡೆಸಿಕೊಂಡೇ ತರುತ್ತಿದ್ದರು. 1863ರಲ್ಲಿ, ಅಂತರ್ಯುದ್ಧದ ನಡುವೆ, ಊರು ಯೂನಿಯನ್ ಸೈನ್ಯದ, ಅಂದರೆ ಉತ್ತರದ ರಾಜ್ಯಗಳವರ ಕೈಸೇರಿದಾಗ, ಗುಲಾಮರನ್ನು ಕೂಡಿಹಾಕುತ್ತಿದ್ದ ದೊಡ್ಡಿಗಳನ್ನು ಕೆಡವಿ ಹಾಕಿದವರು ಅದೇ ಸೈನ್ಯದ ಕಪ್ಪು ಸೈನಿಕರು. ನಾನು ಇದನ್ನು ಕೊನೆಗೆ ನೋಡಿ ತಪ್ಪು ಮಾಡಿದೆ.

ಲಾಂಗ್‌ವುಡ್ ಎಂಟು ಮೂಲೆಯ ಮನೆ, ನೆತ್ತಿಗೆ ಈರುಳ್ಳಿ ಆಕಾರದ ಗುಮ್ಮಟ. ಹತ್ತಿ ಬೆಳೆದು ದುಡ್ಡು ಮಾಡಿದ್ದ ಹೇಲರ್ ನಟ್ 1860ರಲ್ಲಿ ಕಟ್ಟಿಸೋಕೆ ಶುರುಮಾಡಿದ. ಮರುವರ್ಷ ಅಂತರ್ಯುದ್ಧ. ಫಿಲಡೆಲ್ಫಿಯಾದಿಂದ ಬಂದಿದ್ದ ಕೆಲಸಗಾರರು ಸಾಮಾನು ಇದ್ದಲ್ಲೇ ಬಿಟ್ಟು ಊರಿಗೆ ಹೊರಟರು. 32 ಕೋಣೆಗಳಲ್ಲಿ ಮುಗಿದದ್ದು ಕೆಳಗಿನ 9 ಮಾತ್ರ. 1864ರಲ್ಲಿ ನಟ್ ತೀರಿಕೊಂಡ, ಹೆಂಡತಿ ಮಕ್ಕಳು ಅಷ್ಟರಲ್ಲೇ ಸಂಸಾರ ತೂಗಿಸಿದರು. ಕೆಳಗೆ ಒಪ್ಪವಾದ ಮನೆ, ಮೆಟ್ಟಿಲು ಹತ್ತಿದರೆ ಬೋಳು ಇಟ್ಟಿಗೆ. ನಮ್ಮಮ್ಮ ಕತ್ತೆತ್ತಿ ಗುಮ್ಮಟದವರೆಗೂ ನೋಡಿ, “ಗಾರೆ ಕೆಲಸ ಪೂರ್ತಿ ಬಾಕಿ ಇದೆಯಲ್ಲೋ” ಅಂದರು.

ಮೆಲ್ರೋಸ್ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ವಶದಲ್ಲಿದೆ. ಒಳಗೆ ಗೈಡ್ ಜೊತೆಗೇ ಹೋಗಬೇಕು, ಸಮಯ ಮೊದಲೇ ನೋಡಿಕೊಳ್ಳಿ. ಅಲ್ಲಿ ಊಟದ ಮೇಜಿನ ಮೇಲೆ ಸೂರಿನಿಂದ ಇಳಿಬಿಟ್ಟ ಮಹಾಗನಿ ಮರದ ದೊಡ್ಡ ಹಲಗೆಯೊಂದಿದೆ. ಗೈಡ್ “ಪಂಖಾ” ಅಂದಾಗ ನನ್ನ ಕಿವಿ ನೆಟ್ಟಗಾಯಿತು. ಬ್ರಿಟಿಷರ ಕಾಲದಲ್ಲಿ ನಮ್ಮ ಕಚೇರಿಗಳಲ್ಲಿ ಜವಾನ ಹಗ್ಗ ಹಿಡಿದು ಎಳೆಯುತ್ತಿದ್ದನಲ್ಲ, ಅದೇ ಪಂಖಾ, ಹೆಸರು ಸಮೇತ ಇಲ್ಲಿಗೆ ಬಂದಿದೆ. ನಮ್ಮವನಿಗೆ ಸಂಬಳವಾದರೂ ಇತ್ತು. ಇಲ್ಲಿ ಎಳೆಯುತ್ತಿದ್ದದ್ದು ಗುಲಾಮರ ಮಗು. ಊಟ ಮುಗಿಯುವ ತನಕ ನಿಂತಿರಬೇಕು, ನೊಣ ತಟ್ಟೆಗೆ ಕೂರಬಾರದು. ಆ ಕೋಣೆಯಲ್ಲಿ ಉಳಿದವರು ಪಿಂಗಾಣಿ ಪಾತ್ರೆ ನೋಡುತ್ತಿದ್ದರು, ನನಗೆ ಹಗ್ಗದಿಂದ ಕಣ್ಣು ಕೀಳೋಕಾಗಲಿಲ್ಲ.

ಪೇಟೆಯಲ್ಲಿ ವಿಲಿಯಂ ಜಾನ್ಸನ್ ಮನೆ ತೆರೆದಿದ್ದರೆ ಹೊಕ್ಕು ಬನ್ನಿ. ಗುಲಾಮನಾಗಿ ಹುಟ್ಟಿ, ಬಿಡುಗಡೆಯಾಗಿ, ಕ್ಷೌರದಂಗಡಿ ಇಟ್ಟು, 1835ರಿಂದ 1851ರವರೆಗೆ ದಿನಚರಿ ಬರೆದವನು. ಅವನ ಹತ್ತಿರವೂ ಗುಲಾಮರಿದ್ದರು, ಅದಕ್ಕೇನಂತೀರಿ!

ಸಸ್ಯಾಹಾರಿಗಳಾದರೆ ಬೀನ್ಸ್, ಸೊಪ್ಪು ಕೂಡ ಕೇಳಿಯೇ ತಗೊಳ್ಳಿ, ಹಂದಿ ಮಾಂಸ ಹಾಕಿ ಬೇಯಿಸಿರುತ್ತಾರೆ. ಜುಲೈ ಬೇಡ, ಸೆಕೆ ನಮ್ಮ ಮಂಗಳೂರಿನದೇ. ಸಂಜೆ ನದಿ ದಂಡೆಯ ದಿಬ್ಬದ ಮೇಲೆ ಬೆಂಚುಗಳಿವೆ, ಅಪ್ಪ ಅಮ್ಮನಿಗೆ ಅದೇ ಹಿಡಿಸುತ್ತೆ. ಸೂರ್ಯ ಆಚೆ ದಡದ ಲೂಸಿಯಾನಾ ಕಡೆ ಮುಳುಗುತ್ತಾನೆ.