ಹಳೆಯ ಅಭಿಮಾನಿ ಬಳಗವನ್ನು ಮುಚ್ಚುವಾಗ ವಿದಾಯ ಹೇಳುವುದು ಹೇಗೆ?

ಪ್ರಶ್ನೆ: ನಮ್ಮದು ಒಬ್ಬ ನಟನ ಅಭಿಮಾನಿಗಳ ವಾಟ್ಸಾಪ್ ಬಳಗ. ಶುರುವಾಗಿ ಹತ್ತು ವರ್ಷ ದಾಟಿತು. ಈಗ ಯಾರೂ ಮಾತಾಡುವುದಿಲ್ಲ, ಅಡ್ಮಿನ್‌ಗಳಿಗೂ ಸಾಕಾಗಿದೆ. ಸುಮ್ನೆ ಒಬ್ಬೊಬ್ಬರಾಗಿ ಹೊರಗೆ ಬರುವುದೋ, ಏನಾದರೂ ಮಾಡಿ ಮುಗಿಸುವುದೋ? ಒಂದು ಗ್ರೂಪಿಗಾಗಿ ಇಷ್ಟು ಬೇಜಾರಾಗುವುದು ಅತಿ ಅಲ್ವಾ?

ಉತ್ತರ:

ಅತಿಯೇನಲ್ಲ. ಮುಗಿಸಿಯೇ ಹೊರಗೆ ಬನ್ನಿ. ಆದರೆ ವಿದಾಯದ ಮಾತು ಬರೆಯಲು ಕೂರುವ ಮೊದಲು ಒಂದು ಕೆಲಸ ಇದೆ. ಬಳಗದಲ್ಲಿ ಯಾರದ್ದು ಏನೇನು ಉಳಿದಿದೆ ಅಂತ ನೋಡಿ. ಫೋಟೋ, ಧ್ವನಿ, ದುಡ್ಡು, ಜಗಳ, ಎಲ್ಲವನ್ನೂ. ಅದನ್ನು ಅವರವರಿಗೆ ಮುಟ್ಟಿಸುವುದೇ ನಿಜವಾದ ವಿದಾಯ ಅಂತ ನನಗೆ ಅನ್ನಿಸಿದ್ದು ನಮ್ಮ ಬಳಗವನ್ನು ಮುಚ್ಚಿದಾಗ.

ನಮ್ಮದು ಕಾಸರಗೋಡಿನ ಯಕ್ಷಗಾನ ಅಭಿಮಾನಿಗಳ ಬಳಗ. ನಾನು ಅಡ್ಮಿನ್‌ಗಳಲ್ಲಿ ಒಬ್ಬ. ಶುರುವಾದಾಗ ವಾಟ್ಸಾಪ್ ಗ್ರೂಪಿನಲ್ಲಿ 100 ಜನಕ್ಕೆ ಮಾತ್ರ ಜಾಗ ಇತ್ತು. 2016ರಲ್ಲಿ ಅದು 256 ಆಯಿತು. ಆ ಕಾಲದಲ್ಲಿ ಒಳಗೆ ಬರಲು ಜನ ಕಾಯುತ್ತಿದ್ದರು. ಒಬ್ಬರು ಹೋದರೆ ಇನ್ನೊಬ್ಬರು. ಪೆರ್ಲ, ಬದಿಯಡ್ಕ, ನೀರ್ಚಾಲು, ಮುಳ್ಳೇರಿಯದವರು, ದುಬೈ ಶಾರ್ಜಾದಲ್ಲಿ ಕೆಲಸಕ್ಕಿದ್ದವರು, ಬೆಂಗಳೂರಿಗೆ ಹೋಗಿ ಆಟ (ನಮ್ಮಲ್ಲಿ ಯಕ್ಷಗಾನ ಪ್ರದರ್ಶನಕ್ಕೆ ಹಾಗೇ ಅನ್ನುವುದು) ಸಿಗದೆ ಒದ್ದಾಡುತ್ತಿದ್ದವರು. 2022ರ ಕೊನೆಗೆ ವಾಟ್ಸಾಪ್‌ನವರು 1024 ಜನರ ತನಕ ಜಾಗ ಕೊಟ್ಟರು. ಜಾಗ ಆದಾಗ ಬರುವವರು ಇರಲಿಲ್ಲ.

ಯೂಟ್ಯೂಬಿನಿಂದ ಹೀಗಾಯಿತು ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಸರಿ. ಮೊದಲೆಲ್ಲ ಗ್ರೂಪಿನ ಮುಖ್ಯ ಪ್ರಶ್ನೆಯೇ "ಇವತ್ತು ಆಟ ಎಲ್ಲಿ?" ಎಂಬುದು. ಯಾರೋ ಕರಪತ್ರದ ಫೋಟೋ ಹಾಕುತ್ತಿದ್ದರು, ಇನ್ಯಾರೋ "ಕಾರಲ್ಲಿ ಎರಡು ಸೀಟು ಇದೆ" ಅನ್ನುತ್ತಿದ್ದರು. 2016ರಲ್ಲಿ ಜಿಯೋ ಬಂದು ನೆಟ್ ಅಗ್ಗವಾಯಿತು. ನಿಧಾನಕ್ಕೆ ಆಟಗಳೆಲ್ಲ ಲೈವ್ ಬರತೊಡಗಿದವು. ಕೇಳುವ ಅಗತ್ಯವೇ ಹೋಯಿತು. ಇನ್ನರ್ಧ ಕಾರಣ ನಾವೇ. ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿ ಆಟ ಒಳ್ಳೆಯದೋ, ಬೆಳಗಿನ ತನಕದ ಆಟವೇ ಆಟವೋ ಎಂಬ ಜಗಳ ಎಷ್ಟು ಸಲ ಎದ್ದಿತೋ ದೇವರಿಗೇ ಗೊತ್ತು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಮೈಕ್ ಹಾಕಬಾರದು ಎಂಬ ನಿಯಮ 2000ದಿಂದಲೇ ಇದೆ, ಆಟ ಆಡುವ ಮೇಳದವರನ್ನು (ತಂಡದವರನ್ನು) ಬೈದು ಏನು ಮಾಡುವುದು ಅಂತ ನಾನು ಹೇಳಿದರೆ, ನನ್ನನ್ನೇ "ಕಾಲಮಿತಿ ಪಾರ್ಟಿ" ಅಂದರು. ಪಾರ್ತಿಸುಬ್ಬನ ವಿಷಯ ಇನ್ನೊಂದು. ಕುಂಬಳೆಯವನೆಂದು ನಾವು ಎದೆಯುಬ್ಬಿಸುವ ಕವಿ ಅವನು. ಅವನ ಹೆಸರಿನಲ್ಲಿರುವ ರಾಮಾಯಣದ ಪ್ರಸಂಗಗಳು, ಅಂದರೆ ಆಟದ ಪದ್ಯಕತೆಗಳು, ಅವನವು ಹೌದೋ ಅಲ್ಲವೋ ಎಂಬ ವಾದ ಶಿವರಾಮ ಕಾರಂತರ ಕಾಲದಿಂದ ನಡೆದಿದೆ. ನಮ್ಮಲ್ಲಿ ಅದು ಪ್ರತಿ ಮಳೆಗಾಲ ನಡೆಯುತ್ತಿತ್ತು. ಮಳೆಗಾಲದಲ್ಲಿ ಮೇಳಗಳ ಊರೂರು ತಿರುಗಾಟ ಇಲ್ಲ, ಬೇರೆ ಕೆಲಸ ಇಲ್ಲ, ನೋಡಿ!

ಬೇಜಾರಿನ ವಿಷಯಕ್ಕೆ ಬರುತ್ತೇನೆ. ನಮ್ಮೂರಿನ ಪರಿಸ್ಥಿತಿ ನಿಮಗೆ ಗೊತ್ತಿರಬಹುದು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಮನೆಯಲ್ಲಿ ತುಳುವೋ ಹವ್ಯಕವೋ, ಬಸ್ಸಿನಲ್ಲಿ, ಆಫೀಸಿನಲ್ಲಿ ಮಲಯಾಳ. ಕನ್ನಡದಲ್ಲಿ ಬರೆಯುವ ಸಂದರ್ಭವೇ ಅನೇಕರಿಗೆ ಇಲ್ಲ. ನನ್ನ ಅಕ್ಕನ ಮಗ ಮಲಯಾಳ ಮೀಡಿಯಂನಲ್ಲಿ ಓದಿದವನು. ತನ್ನ ಮೆಚ್ಚಿನ ಭಾಗವತರನ್ನು (ಆಟದ ಹಾಡುಗಾರರನ್ನು) ಯಾರೋ ಹಳಿದರು ಅಂತ ಸಿಟ್ಟಿನಲ್ಲಿ ಕನ್ನಡ ಟೈಪಿಂಗ್ ಕಲಿತ. ಮೊದಮೊದಲು ಅವನ ಒತ್ತಕ್ಷರಗಳನ್ನು ನೋಡಿದರೆ ನಗು ಬರುತ್ತಿತ್ತು. ಆಮೇಲೆ ಅವನ ವಾದಕ್ಕೆ ನಾವೇ ಹೆದರುವ ಹಾಗಾಯಿತು. ಇಂಥ ಜಾಗ ಮುಚ್ಚಿದರೆ ಬೇಜಾರಾಗದೆ ಇರುತ್ತದಾ? ನಿಮ್ಮ ಬಳಗದಲ್ಲೂ ಇಂಥದ್ದೇನೋ ಒಂದು ಇದ್ದೇ ಇರುತ್ತದೆ. ನಟ ಒಂದು ನೆಪ ಅಷ್ಟೇ.

ನಮ್ಮ ಗ್ರೂಪ್ ಒಮ್ಮೆಲೇ ತಣ್ಣಗಾದದ್ದಲ್ಲ. 2020ರಲ್ಲಿ ಕೊರೊನಾ ಬಂದು ಮೇಳಗಳು ತಿರುಗಾಟದ ನಡುವೆಯೇ ನಿಂತವು. ಆಗ ಎಲ್ಲರೂ ಫೋನ್ ಹಿಡಿದು ಕೂತವರೇ. ಆ ವರ್ಷ ಸೆಪ್ಟೆಂಬರ್ 6ಕ್ಕೆ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ತೀರಿಕೊಂಡರು. ಹೊರಗಿನವರಿಗೆ ಅವರು 1973ರ ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪಿನ ಹೆಸರು. ನಮಗೆ ಜಾಗಟೆ ಹಿಡಿದು ಪದ ಹೇಳುತ್ತಿದ್ದ ಸ್ವಾಮೀಜಿ. 2023ರ ಫೆಬ್ರವರಿ 16ಕ್ಕೆ ಬಲಿಪ ನಾರಾಯಣ ಭಾಗವತರು ಹೋದರು. ಪಡ್ರೆಯಲ್ಲಿ ಹುಟ್ಟಿದವರು, ನಮ್ಮೂರಿನವರೇ. ಆ ರಾತ್ರಿ ಗ್ರೂಪಿನಲ್ಲಿ ಒಂದು ವಿಚಿತ್ರ ನಡೆಯಿತು. ಓಂ ಶಾಂತಿ, ಕೈಮುಗಿದ ಚಿತ್ರ, ಇವೆಲ್ಲ ಸ್ವಲ್ಪ ಹೊತ್ತಿಗೆ ನಿಂತು, ಜನ ತಮ್ಮ ಹತ್ತಿರ ಇದ್ದ ಬಲಿಪರ ಹಾಡುಗಳನ್ನು ಹಾಕತೊಡಗಿದರು. ಎಷ್ಟೋ ವರ್ಷದಿಂದ ಒಂದು ಮಾತಾಡದವರೂ ಹಾಕಿದರು. ಯಾರ ಯಾರ ಮನೆಯ ಅಟ್ಟದಲ್ಲಿ ಏನೇನು ಬಿದ್ದಿದೆ ಅಂತ ನಮಗೆ ಗೊತ್ತಾದದ್ದು ಆವಾಗ. ಅದಾದ ಮೇಲೆ ಮತ್ತೆ ಗುಡ್ ಮಾರ್ನಿಂಗ್, ಮತ್ತೆ ಇಲೆಕ್ಷನ್ ಫಾರ್ವರ್ಡ್.

ಮುಚ್ಚುವ ಮಾತು ಬಂದಾಗ ಹೆಚ್ಚಿನವರು ಹೇಳಿದ್ದು, "ಇರ್ಲಿ ಬಿಡಿ ಮಾರಾಯ್ರೆ, ಅದಕ್ಕೆಂತ ಅನ್ನ ಹಾಕ್ಲಿಕ್ಕುಂಟಾ?" ನನ್ನ ಅಭಿಪ್ರಾಯ ಬೇರೆ. ನೋಡಿಕೊಳ್ಳುವವರಿಲ್ಲದ ಗ್ರೂಪ್ ಅಪಾಯ. ಒಬ್ಬ ಸದಸ್ಯರ ಖಾತೆ ಕಳ್ಳರ ಕೈಗೆ ಸಿಕ್ಕಿ, ಮದುವೆ ಕಾಗದ ಅಂತ ಒಂದು ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ನಮ್ಮ ಗ್ರೂಪಿಗೆ ಬಂತು. ಒತ್ತಿ ಇನ್‌ಸ್ಟಾಲ್ ಮಾಡಿದರೆ ಫೋನೇ ಕಳ್ಳರ ಪಾಲು. ಅದು ಬಂದದ್ದು ಮಧ್ಯಾಹ್ನ, ಅಡ್ಮಿನ್ ಒಬ್ಬರು ನೋಡಿ ಅಳಿಸಿದ್ದು ರಾತ್ರಿ. ನಮ್ಮಲ್ಲಿ ಎಪ್ಪತ್ತು ದಾಟಿದವರು ತುಂಬ ಜನ. ಮದುವೆ ಕಾಗದ ಅಂದರೆ ತೆರೆಯದೆ ಇರುತ್ತಾರಾ? ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಅದರ ಮೇಲೆ "ಇರ್ಲಿ ಬಿಡಿ" ಅನ್ನುವವರ ದನಿ ಸಣ್ಣದಾಯಿತು.

ಆಮೇಲೆ ಕೆಲಸ ಶುರು. ನೀವೂ ಮಾಡಬೇಕಾದ್ದು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಾಟ್ಸಾಪ್‌ನ ಎಕ್ಸ್‌ಪೋರ್ಟ್ ಚಾಟ್ ಎಲ್ಲವನ್ನೂ ಕೊಡುತ್ತದೆ ಅಂದುಕೊಳ್ಳಬೇಡಿ. ಫೋಟೋ, ಆಡಿಯೋ ಸಮೇತ ತೆಗೆದರೆ ಇತ್ತೀಚಿನ 10,000 ಸಂದೇಶ, ಬರೀ ಬರಹ ಆದರೆ 40,000. ಮಾತುಗಾರರ ಗ್ರೂಪಿಗೆ ಅದು ಯಾವ ಮೂಲೆಗೆ? ಹಾಗಾಗಿ ನಾವು ಸದಸ್ಯರ ಫೋನುಗಳನ್ನೇ ಹುಡುಕಿದೆವು. ಹಳೆಯ ಫೋನ್ ಎಸೆಯದೆ ಇಟ್ಟುಕೊಂಡವರು ದೇವರ ಸಮಾನ. ಆದರೆ ಅಲ್ಲಿ ಸಿಗುವ ಫೈಲಿನ ಹೆಸರು ನೋಡಿ: ಎಯುಡಿ, ಆಮೇಲೆ 20200906, ಆಮೇಲೆ ಡಬ್ಲ್ಯೂಎ0012. ಯಾವತ್ತು ಫೋನಿಗೆ ಬಂತು ಅಂತ ಗೊತ್ತಾಗುತ್ತದೆ. ಯಾವ ಪ್ರಸಂಗ, ಯಾರ ಪದ, ಎಲ್ಲಿಯ ಆಟ, ರೆಕಾರ್ಡ್ ಮಾಡಿದವರು ಯಾರು, ಒಂದೂ ಇಲ್ಲ. ಹೆಸರಿಲ್ಲದ ಆಡಿಯೋ ಇದ್ದೂ ಇಲ್ಲದ ಹಾಗೆ.

ಇಲ್ಲಿ ಬಳಗ ಕೊನೆಯ ಸಲ ನಿಜವಾಗಿ ಬಳಗವಾಯಿತು. ದಿನಾ ರಾತ್ರಿ ಒಂದೊಂದು ತುಂಡು ಹಾಕಿ "ಇದು ಯಾರು?" ಅಂತ ಕೇಳುತ್ತಿದ್ದೆವು. ಭಾಗವತರ ದನಿಯನ್ನು ಯಾರಾದರೂ ಹೇಳಿಬಿಡುತ್ತಾರೆ. ಚೆಂಡೆ, ಮದ್ದಳೆಯ ಕೈ ಗುರುತಿಸುವುದು ಕಷ್ಟ. ಅದಕ್ಕೆ ನಮ್ಮಲ್ಲಿ ಒಬ್ಬರು ನಿವೃತ್ತ ಮಾಷ್ಟ್ರು ಇದ್ದರು. ಉರುಳಿಕೆ ಕೇಳಿ ಹೆಸರು ಹೇಳುತ್ತಿದ್ದರು. ವರ್ಷ ಕಂಡುಹಿಡಿಯುವುದು ಇನ್ನೂ ಕಷ್ಟ. ಒಂದು ಆಟದ ಕ್ಯಾಸೆಟ್ ಹೀಗೆ ತಕರಾರಿಗೆ ಬಿದ್ದಿತ್ತು. ಎಪ್ಪತ್ತರ ದಶಕ ಅಂತ ಕೆಲವರು, ಅಲ್ಲ ಅಂತ ಕೆಲವರು. ಕೊನೆಗೆ ದೇವೇಂದ್ರನ ಒಡ್ಡೋಲಗದಲ್ಲಿ ಹಾಸ್ಯಗಾರರು ಕೈಹಿಡಿದರು. "ಐರಾವತ ಎಲ್ಲಿ?" ಅಂತ ದೇವೇಂದ್ರ ಕೇಳುತ್ತಾನೆ. "ಡೆಲ್ಲಿಗೆ ಹೋಗಿದೆ ಸ್ವಾಮೀ, ಅಪ್ಪುವಿಗೆ ಹುಷಾರಿಲ್ಲವಂತೆ, ಬದಲಿಗೆ ಕರೆಸಿದ್ದಾರೆ" ಅನ್ನುತ್ತಾರೆ ಇವರು. ಸಭೆಯೆಲ್ಲ ನಗುತ್ತದೆ. ಅಪ್ಪು ಅಂದರೆ 1982ರ ನವೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಗೇಮ್ಸ್‌ನ ಲಾಂಛನವಾಗಿದ್ದ ಆನೆಮರಿ. ಅಲ್ಲಿಗೆ ಆ ತಿರುಗಾಟದ ಆಟ ಅಂತ ಬರೆದುಕೊಂಡೆವು. ಅದೇ ಕ್ಯಾಸೆಟಿನಲ್ಲಿ ಹಿಂದಿನಿಂದ ಒಂದು ಮಗು ಅಳುತ್ತದೆ, ಯಾರೋ "ಚಾ ಕುಡಿವನಾ?" ಅನ್ನುತ್ತಾರೆ. ಅದನ್ನು ತೆಗೆದು ಕ್ಲೀನ್ ಮಾಡೋಣ ಅಂತ ಹುಡುಗನೊಬ್ಬ ಹೇಳಿದ. ಮುಟ್ಟಬೇಡ ಅಂತ ಎಲ್ಲರೂ ಒಟ್ಟಿಗೇ ಹೇಳಿದರು. ಗ್ರೂಪಿನ ಇತಿಹಾಸದಲ್ಲಿ ಎಲ್ಲರೂ ಒಪ್ಪಿದ ವಿಷಯ ಬಹುಶಃ ಅದೊಂದೇ.

ಕ್ಯಾಸೆಟ್ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ ಒಂದು ಮಾತು. ನಮ್ಮ ಕರಾವಳಿಯ ಮಳೆಗೆ ಟೇಪಿನ ಅಂಚಿಗೆ ಬಿಳಿ ಬೂಸ್ಟು ಹಿಡಿಯುತ್ತದೆ. ಹಾಗೇ ಪ್ಲೇಯರಿಗೆ ಹಾಕಿದರೆ ಬೂಸ್ಟು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟಿಗೂ ಹೋಗುತ್ತದೆ. ಮೊದಲು ಪೆನ್ಸಿಲ್ ಹಾಕಿ ನಿಧಾನಕ್ಕೆ ತಿರುಗಿಸಿ ಸಡಿಲ ಮಾಡಿ. ಟೇಪನ್ನು ಹೆಡ್ಡಿಗೆ ಒತ್ತುವ ಒಂದು ಸಣ್ಣ ಮೆತ್ತೆ ಒಳಗೆ ಇರುತ್ತದೆ. ಅದು ಉದುರಿ ಹೋಗಿದ್ದರೆ ದನಿ ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ಐದು ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ಸುರುಳಿಯನ್ನು ಬೇರೆ ಒಳ್ಳೆ ಚಿಪ್ಪಿಗೆ ಹಾಕಬಹುದು. ಅಂಟಿಸಿದ ಕ್ಯಾಸೆಟ್ ಆದರೆ ಜಾಗ್ರತೆ, ಅಭ್ಯಾಸ ಇದ್ದವರ ಕೈಗೆ ಕೊಡಿ.

ಎಲ್ಲವನ್ನೂ ನೆಟ್‌ಗೆ ಹಾಕಿಬಿಡೋಣ ಅಂತ ಹುಡುಗರ ಹಠ. ಅದಕ್ಕೆ ನಾನು ಒಪ್ಪಲಿಲ್ಲ. ಕಾಪಿರೈಟ್ ಕಾಯ್ದೆಯಲ್ಲಿ ಪ್ರದರ್ಶನ ಕೊಟ್ಟ ಕಲಾವಿದರಿಗೂ 50 ವರ್ಷದ ಹಕ್ಕು ಇದೆ. ಕಾನೂನು ಬಿಡಿ, ಮರ್ಯಾದೆ ಅಂತ ಒಂದು ಇದೆಯಲ್ಲ. ಕಲಾವಿದರ ಮನೆಯವರನ್ನು ಕೇಳಿದೆವು. ಹೆಚ್ಚಿನವರು ಖುಷಿಯಿಂದ ಒಪ್ಪಿದರು. ತಂದೆಯ ದನಿ ತಮ್ಮ ಹತ್ತಿರವೇ ಇರಲಿಲ್ಲ ಅಂತ ಒಂದು ಪ್ರತಿ ಕೇಳಿ ತೆಗೆದುಕೊಂಡರು. ಬೇಡ ಅಂದವರದ್ದನ್ನು ಅವರಿಗೇ ಕೊಟ್ಟೆವು. ಉಳಿದದ್ದು ಎರಡು ಹಾರ್ಡ್ ಡಿಸ್ಕಿನಲ್ಲಿ ಇದೆ. ಒಂದು ಇಲ್ಲಿ, ಒಂದು ಬೆಂಗಳೂರಿನ ಸದಸ್ಯರ ಮನೆಯಲ್ಲಿ. ಒಂದೇ ಮನೆಯಲ್ಲಿ ಎರಡೂ ಇಟ್ಟರೆ ಏನು ಪ್ರಯೋಜನ?

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅನಾರೋಗ್ಯದ ಕಲಾವಿದರಿಗಾಗಿ ಆಗಾಗ ಕಲೆಕ್ಷನ್ ಮಾಡುತ್ತಿದ್ದೆವು, ಸ್ವಲ್ಪ ಉಳಿದಿತ್ತು. ಲೆಕ್ಕ ಗ್ರೂಪಿನಲ್ಲಿ ಹಾಕಿ, ಎಲ್ಲರ ಒಪ್ಪಿಗೆ ಪಡೆದು, ಒಬ್ಬ ಹಿಮ್ಮೇಳದವರ ಮನೆಗೆ ಕೊಟ್ಟು ರಶೀದಿಯನ್ನೂ ಹಾಕಿದೆವು. ಇದನ್ನು ಮೊದಲೇ ಮಾಡಿ. ಗ್ರೂಪ್ ಮುಚ್ಚಿದ ಮೇಲೆ ಲೆಕ್ಕ ಕೇಳಲು ಜಾಗ ಇಲ್ಲ, ಆಗ ಮಾತು ಬೇರೆ ಕಡೆ ಶುರುವಾಗುತ್ತದೆ.

ಮುಚ್ಚುವ ದಿನ ಪತ್ತನಾಜೆ ಅಂತ ಇಟ್ಟುಕೊಂಡೆವು. ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಮೇ 24-25ರ ಹೊತ್ತಿಗೆ ಬರುತ್ತದೆ. ಅವತ್ತು ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ದಿನಾಂಕವನ್ನು ತಿಂಗಳುಗಳ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಕೊನೆಯ ವಾರದಲ್ಲೂ ಹಳೆಯ ಫೋಟೋಗಳು ಬರುತ್ತಿದ್ದವು. ಅವತ್ತು ಬದಿಯಡ್ಕದ ಹತ್ತಿರ ಒಬ್ಬರ ಮನೆಯ ಚಾವಡಿಯಲ್ಲಿ ಒಂದು ತಾಳಮದ್ದಳೆ, ಅಂದರೆ ವೇಷ ಇಲ್ಲದೆ ಕೂತು ನಡೆಸುವ ಯಕ್ಷಗಾನ. ಸದಸ್ಯರೇ ಅರ್ಥ (ಪಾತ್ರದ ಮಾತು) ಹೇಳಿದ್ದು, ಹೇಗಿತ್ತು ಅಂತ ಕೇಳಬೇಡಿ. ಹಲಸಿನ ಹಣ್ಣಿನ ಕೊಟ್ಟಿಗೆ (ಎಲೆಯಲ್ಲಿ ಬೇಯಿಸಿದ ಕಡುಬು) ಮಾತ್ರ ಫಸ್ಟ್ ಕ್ಲಾಸ್. ಮಹಿಷಾಸುರನ ಫೋಟೋ ಡಿಪಿ ಹಾಕಿಕೊಂಡು ಎಲ್ಲರನ್ನೂ ಗದರಿಸುತ್ತಿದ್ದ ಸದಸ್ಯರನ್ನು ಮೊದಲ ಸಲ ಕಂಡೆವು. ಸಪೂರ ಜನ, ಎರಡನೇ ಸಲ ಚಾ ಕೇಳಲೂ ನಾಚಿಕೆ. ಪಾರ್ತಿಸುಬ್ಬನ ವಿಷಯದಲ್ಲಿ ವರ್ಷಗಟ್ಟಲೆ ಕಿತ್ತಾಡಿದ ಇಬ್ಬರು ಒಂದೇ ಬೈಕಿನಲ್ಲಿ ವಾಪಸ್ ಹೋದರು. ರಾಜಿ ಆಯಿತಾ ಅಂತ ಕೇಳಿದೆ. ಇಲ್ಲವಂತೆ, ದಾರಿಯಲ್ಲಿ ಮುಂದುವರಿಸುತ್ತಾರಂತೆ.

ರಾತ್ರಿ ನಾವು ಬರೆದದ್ದು ಚಿಕ್ಕ ಸಂದೇಶ. ಆಡಿಯೋಗಳು ಎಲ್ಲಿ ಇವೆ, ಬೇಕಾದರೆ ಯಾರನ್ನು ಕೇಳಬೇಕು, ಲೆಕ್ಕ ಚುಕ್ತಾ ಆಗಿದೆ, ನಮಸ್ಕಾರ. ಕವನ ಬರೆಯಲು ಇಬ್ಬರು ತಯಾರಿದ್ದರು, ತಡೆದೆವು. ಆಮೇಲೆ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವ ಹಾಗೆ ಸೆಟ್ಟಿಂಗ್ ಬದಲಿಸಿದೆವು. ಸದಸ್ಯರನ್ನು ತೆಗೆದುಹಾಕಲಿಲ್ಲ. ಬೇಕೆಂದವರು ತಾವಾಗಿ ಹೋಗಲಿ. ಈಗ ಯಾರಾದರೂ ಹೊರಗೆ ಹೋದರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಬರುತ್ತದೆ, ಹಾಗಾಗಿ ಹೋಗುವವರಿಗೂ ಅಷ್ಟು ಮುಜುಗರ ಇಲ್ಲ. ಒಂದು ಎಚ್ಚರ: ಅಡ್ಮಿನ್‌ಗಳೆಲ್ಲ ಒಮ್ಮೆಲೇ ಹೊರಗೆ ಬರಬೇಡಿ. ಆಗ ವಾಟ್ಸಾಪ್ ಉಳಿದವರಲ್ಲಿ ಒಬ್ಬರನ್ನು ತಾನೇ ಅಡ್ಮಿನ್ ಮಾಡಿಬಿಡುತ್ತದೆ. ಆ ಪಾಪದವರಿಗೆ ಅದು ಗೊತ್ತೂ ಇರುವುದಿಲ್ಲ.

"ಹೊಸ ಗ್ರೂಪ್ ಮಾಡೋಣ, ಒಳ್ಳೆಯವರು ಮಾತ್ರ ಇರೋಣ" ಅಂತ ನಿಮಗೂ ಫೋನ್ ಬರುತ್ತದೆ. ನಮಗೂ ಬಂತು. ಬೇಡ ಅಂದೆ. ಮಾತಾಡಬೇಕೆನಿಸಿದವರ ನಂಬರ್ ಹೇಗೂ ನನ್ನಲ್ಲಿದೆ, ಮಾತಾಡುತ್ತೇನೆ. ನಿಮ್ಮ ಬಳಗದ ಹಳೆಯ ಫೋಟೋ, ವಿಡಿಯೋ ಯಾರ ಫೋನಿನಲ್ಲಿ ಇವೆ ಅಂತ ಇವತ್ತೇ ಕೇಳಲು ಶುರು ಮಾಡಿ. ಎಕ್ಸ್‌ಚೇಂಜ್ ಆಫರಿಗೆ ಹಳೆ ಫೋನ್ ಕೊಡುವವರು ಪ್ರತಿ ಹಬ್ಬಕ್ಕೂ ಇರುತ್ತಾರೆ.